ಶಿಲುಬೆಯ ಮೇಲೆ ನೋವು ಕಾಣಿಸಿಕೊಂಡ ಬಗೆ

ಬಾಗಿದ ತಲೆ, ಮುಳ್ಳಿನ ಕಿರೀಟ, ಸುರಿಯುವ ರಕ್ತ: ಶಿಲುಬೆಗೇರಿದ ಕ್ರಿಸ್ತ ಎಂದರೆ ನಮಗೆ ನೆನಪಾಗುವುದು ಇದೇ. ಯುರೋಪಿನ ಕಲೆಗೆ ಈ ರೂಪ ಬಂದದ್ದು ತಡವಾಗಿ. ರೋಮಿನ ಸಾಂತಾ ಸಬೀನಾ ಚರ್ಚಿನ ಮರದ ಬಾಗಿಲಲ್ಲಿ ಸುಮಾರು 430ರ ಒಂದು ಫಲಕವಿದೆ. ಅದರಲ್ಲಿ ಕ್ರಿಸ್ತ ಕಣ್ಣು ತೆರೆದು, ಕೈ ಚಾಚಿ ನೆಟ್ಟಗೆ ನಿಂತಿದ್ದಾನೆ. ಶಿಲುಬೆ ಆಗಿನವರಿಗೆ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಅವಮಾನದ ಶಿಕ್ಷೆ. ಹಾಗಾಗಿ ಶಿಲ್ಪಿ ತೋರಿಸಿದ್ದು ಸಾವನ್ನು ಗೆದ್ದವನನ್ನು.

ಜರ್ಮನಿಯ ಕಲೋನ್ ಕೆಥೆಡ್ರಲ್‌ನಲ್ಲಿರುವ, ಸುಮಾರು 970ರ ಗೆರೋ ಶಿಲುಬೆಯಲ್ಲಿ ಕ್ರಿಸ್ತ ಸತ್ತಿದ್ದಾನೆ. 187 ಸೆಂ.ಮೀ. ಎತ್ತರದ ಓಕ್ ಮರದ ಮೂರ್ತಿ ಅದು. ಕಣ್ಣು ಮುಚ್ಚಿದೆ, ಹೊಟ್ಟೆ ಉಬ್ಬಿದೆ, ತೋಳುಗಳು ಮೈಭಾರಕ್ಕೆ ಜಗ್ಗಿವೆ.

13ನೇ ಶತಮಾನದಲ್ಲಿ ಮೊಳೆಗಳು ನಾಲ್ಕರಿಂದ ಮೂರಕ್ಕಿಳಿದವು. ಸಣ್ಣದೆನಿಸುವ ಈ ಬದಲಾವಣೆಯೇ ನನ್ನ ಪ್ರಕಾರ ನಿರ್ಣಾಯಕ. ಪಾದಕ್ಕೊಂದು ಮೊಳೆಯಿದ್ದರೆ ದೇಹ ನಿಂತಂತೆ ಕಾಣುತ್ತದೆ. ಪಾದದ ಮೇಲೆ ಪಾದವಿಟ್ಟು ಒಂದೇ ಮೊಳೆ ಹೊಡೆದರೆ ಮಂಡಿ ಮಡಚಿ, ಸೊಂಟ ತಿರುಗಿ, ಇಡೀ ಮೈ ಕೈಗಳಿಂದ ಜೋತುಬೀಳುತ್ತದೆ.

1512ರಿಂದ 1516ರ ನಡುವೆ ಜರ್ಮನ್ ಚಿತ್ರಕಾರ ಗ್ರ್ಯೂನೆವಾಲ್ಡ್ ಈಸೆನ್‌ಹೈಮಿನ ಮಠಕ್ಕೆ ಬರೆದ ಚಿತ್ರದಲ್ಲಿ ಕ್ರಿಸ್ತನ ಚರ್ಮ ಹಸಿರುಗಟ್ಟಿದೆ, ಮೈತುಂಬ ಮುಳ್ಳು ಮುರಿದಿವೆ, ಬೆರಳುಗಳು ಸೆಟೆದಿವೆ. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದು ಕೈಕಾಲು ಕೊಳೆತವರನ್ನು ನೋಡಿಕೊಳ್ಳುತ್ತಿದ್ದ ಮಠವದು. ರೋಗಿಗಳು ಅಲ್ಲಿ ಕಂಡದ್ದು ತಮ್ಮದೇ ಮೈಯನ್ನು.

17ನೇ ಶತಮಾನದ ಸ್ಪೇನಿನಲ್ಲಿ ಮರದ ಮೂರ್ತಿಯನ್ನು ಕೆತ್ತುವವರು ಒಬ್ಬರು, ಬಣ್ಣ ಹಚ್ಚುವವರು ಇನ್ನೊಬ್ಬರು. ಸೆವಿಲ್‌ನಲ್ಲಿ ಮೊಂತಾನ್ಯೇಸ್ ಕೆತ್ತಿದ ಕ್ರಿಸ್ತನಿಗೆ ಬಣ್ಣ ಹಚ್ಚಿದ್ದು ಪಚೇಕೊ. ಕಾಲಬಳಿ ಪ್ರಾರ್ಥಿಸುವವನನ್ನು ಕ್ರಿಸ್ತ ಜೀವಂತನಾಗಿ ನೋಡುತ್ತಿರಬೇಕೆಂದು 1603ರ ಕರಾರಿನಲ್ಲೇ ಬರೆದಿತ್ತು. ಅಲ್ಲಿ ರಕ್ತ ಕಡಿಮೆ; ನೋವೆಲ್ಲ ನೋಟದಲ್ಲಿದೆ.

ಇಂಥ ಮೂರ್ತಿಗೆ ಮರದ ತುಂಡುಗಳನ್ನು ಜೋಡಿಸಿ ಒಳಗೆ ಟೊಳ್ಳು ಮಾಡುತ್ತಿದ್ದರು. ಗಟ್ಟಿ ದಿಮ್ಮಿ ಒಣಗುವಾಗ ಸೀಳುತ್ತದೆ, ಮೆರವಣಿಗೆಗೂ ಭಾರ. ಮೇಲೆ ಪ್ರಾಣಿಜನ್ಯ ಅಂಟಿನಲ್ಲಿ ಕಲಸಿದ ಜಿಪ್ಸಂ ಪುಡಿಯ ತೆಳು ಪದರಗಳು. ಮೇಲಿನ ಪದರಕ್ಕೆ ಕೆಳಗಿನದಕ್ಕಿಂತ ಅಂಟು ಕಡಿಮೆಯಿರಬೇಕು. ಹೆಚ್ಚಾದರೆ ಅದು ಬಿಗಿದು ಬಿರುಕುಬಿಟ್ಟು ಹಕ್ಕಳೆಯೇಳುತ್ತದೆ. ಪದರ ದಪ್ಪವಾದರೆ ಕಣ್ಣೆವೆ, ತುಟಿಯ ಅಂಚುಗಳು ಮುಚ್ಚಿಹೋಗುತ್ತವೆ. ಆಮೇಲೆ ಎಣ್ಣೆಬಣ್ಣದಲ್ಲಿ ಮೈಬಣ್ಣ. ಹೊಳಪಿನ ಮೈಬಣ್ಣದ ಮೇಲೆ ಮೇಣದಬತ್ತಿಯ ಬೆಳಕು ಬಿದ್ದು ಪ್ರತಿಫಲಿಸಿದರೆ ಕೆತ್ತನೆಯ ಉಬ್ಬುತಗ್ಗು ಕಾಣುವುದಿಲ್ಲ. ಪಚೇಕೊ ಹೊಳಪಿಲ್ಲದ ಬಣ್ಣವನ್ನೇ ಎತ್ತಿಹಿಡಿದ.

ಸ್ಪೇನಿನದೇ ವಯ್ಯದೊಲಿದ್ ನಗರದ ಶಿಲ್ಪಿ ಗ್ರೆಗೋರಿಯೊ ಫೆರ್ನಾಂದೆಸ್ ಇನ್ನೂ ಮುಂದೆ ಹೋದ. ಮಲಗಿರುವ ಅವನ ಮೃತ ಕ್ರಿಸ್ತನಿಗೆ ಕಣ್ಣು ಗಾಜಿನವು, ಉಗುರು ಗೂಳಿ ಕೊಂಬಿನವು. ಹೆಪ್ಪುಗಟ್ಟಿದ ರಕ್ತಕ್ಕೆ ಗಾಯದ ಮೇಲೆ ಕಾರ್ಕ್ ತೊಗಟೆಯ ಚೂರು. ಇದನ್ನು ಅತಿರೇಕ ಎನ್ನುವವರಿದ್ದಾರೆ. ಆದರೆ ಅರೆತೆರೆದ ಆ ಬಾಯಿಯನ್ನು ಹತ್ತಿರದಿಂದ ನೋಡಿದರೆ ಒಂದು ಚೂರೂ ವ್ಯರ್ಥವಾಗಿಲ್ಲ ಅನಿಸುತ್ತದೆ.