ಅಣ್ಣನ ಜಗಳಕ್ಕೆ ಎರಡು ಹಿಡಿ

'ಇವರನ್ನು ಸರಿ ಮಾಡೋದು ಹೇಗೆ?' ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆಗೆ ಬರುವವರು ಮೊದಲು ಕೇಳುವುದೇ ಇದನ್ನು. ಅದು ನಮ್ಮ ಕೈಯಲ್ಲಿಲ್ಲ ಅಂದರೆ ಮುಖ ಸಪ್ಪಗಾಗುತ್ತದೆ.

ಮಲೆನಾಡಿನಲ್ಲಿ ಜಾಸ್ತಿ ಬರುವುದು ದಾಯಾದಿ ಜಗಳ. ಒಂದನ್ನು ಗುರುತು ಮರೆಸಿ ಹೇಳುತ್ತೇನೆ. ಅಣ್ಣ ತನ್ನ ಪಾಲಿನಲ್ಲಿ ಹಾದುಹೋಗುವ ಬಸಿಗಾಲುವೆಗೆ ಮಣ್ಣು ತುಂಬಿಸಿದ್ದಾನೆ. ಮೇಲಿರುವ ತಮ್ಮನ ಅಡಿಕೆ ತೋಟದಲ್ಲಿ ನೀರು ನಿಲ್ಲುತ್ತಿದೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಸಣ್ಣ ವಿಷಯವಲ್ಲ. ಕೇಳಲು ಹೋದರೆ ಅಣ್ಣ ಮೈಮೇಲೆ ಬರುತ್ತಾನೆ. ತಮ್ಮನಿಗೆ ನಿದ್ದೆಯಿಲ್ಲ.

ಇಂಥವರಿಗೆ ನಾನು ಎಪಿಕ್ಟೆಟಸ್‌ನ ಮಾತು ಹೇಳುತ್ತೇನೆ. ಸುಮಾರು 1,900 ವರ್ಷಗಳ ಹಿಂದಿನ ಸ್ಟೋಯಿಕ್ ಗುರು; ನಮ್ಮ ಕೈಯಲ್ಲಿರುವುದನ್ನು ನೆಟ್ಟಗೆ ಮಾಡು, ಇಲ್ಲದ್ದಕ್ಕೆ ಕೊರಗಬೇಡ ಅನ್ನುವ ತತ್ವಪಂಥ ಅದು. ಗುಲಾಮನಾಗಿದ್ದವನು, ಕಾಲು ಊನ. ಹಾಗಾಗಿ ಸುಮ್ನೆ ಉಪದೇಶ ಮಾಡುವವನು ಅನ್ನುವ ಹಾಗಿಲ್ಲ. ಪ್ರತಿ ಸಂಗತಿಗೂ ಎರಡು ಹಿಡಿ ಇರುತ್ತದೆ, ಒಂದರಿಂದ ಎತ್ತಬಹುದು, ಇನ್ನೊಂದರಿಂದ ಆಗದು ಅನ್ನುತ್ತಾನೆ. ಅವನು ಕೊಡುವ ಉದಾಹರಣೆಯೂ ಒಡಹುಟ್ಟಿದವನದ್ದೇ. 'ಅನ್ಯಾಯ ಮಾಡಿದ' ಅನ್ನುವ ಕಡೆಯಿಂದ ಹಿಡಿಯಬೇಡ, 'ಜೊತೆಗೆ ಬೆಳೆದವನು' ಅನ್ನುವ ಕಡೆಯಿಂದ ಹಿಡಿ.

ಹಾಗಂತ ಕಾಲುವೆ ಬಿಟ್ಟುಕೊಡಬೇಕಾ? ಖಂಡಿತ ಇಲ್ಲ. ಸರ್ವೆಗೆ ಅರ್ಜಿ ಹಾಕಿ, ಊರ ಹಿರಿಯರನ್ನು ಕೂರಿಸಿ, ಬೇಕಾದರೆ ಕೋರ್ಟಿಗೂ ಹೋಗಿ. ಬದಲಾಗುವುದು ಮಾತು ಎತ್ತುವ ರೀತಿ. 'ಯಾಕೆ ಮುಚ್ಚಿದೆ?' ಅಂದರೆ ಅಲ್ಲಿಗೇ ಮುಗಿಯಿತು. 'ಅಣ್ಣಯ್ಯಾ, ಕೆಳಗಿನ ಸಾಲಿನಲ್ಲಿ ನೀರು ನಿಂತಿದೆ, ಒಂದು ಸಲ ಬಂದು ನೋಡು' ಅಂದರೆ ಬರಲೂಬಹುದು, ಬಯ್ಯಲೂಬಹುದು. ಬಯ್ದರೂ ನೀವು ಆಡಬೇಕಾದ್ದನ್ನು ನೆಟ್ಟಗೆ ಆಡಿದ್ದೀರಿ, ಅಲ್ವಾ?

ಬಯ್ಗುಳಕ್ಕೆ ಮೊದಲೇ ತಯಾರಾಗಿ ಹೋಗಿ. ರೋಮ್‌ನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಕೂಡ ಇವತ್ತು ಕೊಂಕು ಮಾತಾಡುವವರು, ಉಪಕಾರ ನೆನೆಯದವರು ಸಿಗುತ್ತಾರೆ ಅಂತ ಬೆಳಗ್ಗೆಯೇ ತನಗೆ ತಾನು ಹೇಳಿಕೊಳ್ಳುತ್ತಿದ್ದ. ಚಕ್ರವರ್ತಿಗೇ ಆ ಗತಿ! ಇನ್ನು ಸಿಟ್ಟಿಗೆ ತಡ ಮಾಡುವುದೇ ದೊಡ್ಡ ಮದ್ದು ಅಂದವನು ಇದೇ ಪಂಥದ ರೋಮನ್ ಚಿಂತಕ ಸೆನೆಕಾ. ರಾತ್ರಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಬೇಕೆನಿಸಿದ್ದನ್ನು ಬೆಳಗ್ಗೆ ಕಾಫಿ ಕುಡಿದ ಮೇಲೆ ಓದಿ. ಮುಕ್ಕಾಲು ಪಾಲು ನೀವೇ ಅಳಿಸುತ್ತೀರಿ.

ಇದು ಹಳೇ ಪುರಾಣ ಅಂತ ಮೂಗು ಮುರಿಯಬೇಡಿ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ತಮ್ಮ ಮನಶ್ಚಿಕಿತ್ಸೆಯನ್ನು ಕಟ್ಟುವಾಗ ಎಪಿಕ್ಟೆಟಸ್‌ನ ವಿಚಾರವನ್ನು ನೇರವಾಗಿ ಎತ್ತಿಕೊಂಡರು. ನಾವು ಇವತ್ತಿಗೂ ಬಳಸುತ್ತೇವೆ.

ಆದರೆ ಕೈ ಎತ್ತುವವರ ಮುಂದೆ ಈ ಯಾವ ಲೆಕ್ಕವೂ ಬೇಡ. ಅವರು ಗಂಡನಾಗಲಿ, ಅಣ್ಣನಾಗಲಿ, ಮೊದಲು ಅಲ್ಲಿಂದ ಹೊರಡಿ, 112ಕ್ಕೆ ಫೋನ್ ಮಾಡಿ.