ಗುಂಡಿಯಿಂದ ಕತ್ತರಿಯವರೆಗೆ: ಸಂಶೋಧನಾ ಕೌಶಲ ಕಲಿಯುವ ಕ್ರಮ

ಪಿಎಚ್.ಡಿ. ವಿದ್ಯಾರ್ಥಿಗಳು ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಮುಗಿಸಬೇಕೆಂದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮಾವಳಿ ಹೇಳುತ್ತದೆ. ಸಂಶೋಧನಾ ವಿಧಾನ, ಆಕರಗಳ ಹುಡುಕಾಟ, ಪ್ರಕಟಣೆಯ ನೀತಿ ಎಲ್ಲವೂ ಆರಂಭದಲ್ಲೇ ಪಾಠವಾಗುತ್ತವೆ. ಆದರೆ ಮೂರನೆಯ ವರ್ಷದಲ್ಲಿ ಅಡಿಟಿಪ್ಪಣಿ ಹಾಕಲು ಕುಳಿತಾಗ ಆ ನೋಟ್ಸ್ ಕಪಾಟಿನಲ್ಲೇ ಉಳಿಯುತ್ತದೆ, ನಾವು ಎದ್ದು ಪಕ್ಕದ ಮೇಜಿನ ಸೀನಿಯರ್ ಬಳಿ ಹೋಗುತ್ತೇವೆ.

ಇದು ಸೋಮಾರಿತನವೆಂದು ನನಗೆ ಅನ್ನಿಸುವುದಿಲ್ಲ. ಕಸುಬು ಕಲಿಯುವ ಬಗೆಯನ್ನು ಕುರಿತು ಕಲಿಕೆಯ ಸಂಶೋಧಕರಾದ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ಬರೆದಾಗ ಲೈಬೀರಿಯದ ದರ್ಜಿಗಳ ಉದಾಹರಣೆ ಕೊಟ್ಟರು. ಅಲ್ಲಿ ಹೊಸಬನು ಮೊದಲು ಗುಂಡಿ ಹಚ್ಚುತ್ತಾನೆ, ಅಂಚು ಮಡಿಚಿ ಹೊಲಿಯುತ್ತಾನೆ. ಹೀಗೆ ಸಿದ್ಧ ಉಡುಪು ಹೇಗಿರುತ್ತದೆಂದು ಕೈಗೆ ತಿಳಿದ ಮೇಲೆ ಹೊಲಿಗೆ, ಕೊನೆಗೆ ಬಟ್ಟೆ ಕತ್ತರಿಸುವ ಕೆಲಸ. ಕತ್ತರಿ ತಪ್ಪಿದರೆ ಬಟ್ಟೆಯೇ ಹಾಳು ತಾನೆ! ನಮ್ಮ ಕೋರ್ಸ್ ವರ್ಕ್ ಇದನ್ನು ತಿರುಗಿಸಿ, ಸಂಶೋಧನಾ ಸಮಸ್ಯೆ, ಪ್ರಾಕ್ಕಲ್ಪನೆ ಎಂದು ಮೊದಲ ತಿಂಗಳೇ ಕೈಗೆ ಕತ್ತರಿ ಕೊಡುತ್ತದೆ.

ಗುಂಡಿ ಹಚ್ಚುವ ಕೆಲಸದಲ್ಲಿ ಎಷ್ಟು ವಿದ್ಯೆಯಿದೆ ಎಂಬುದು ನನಗೆ ತಿಳಿದದ್ದು ಭಾರತದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ವಚನ ಸಾಹಿತ್ಯದ ಪ್ರಬಂಧಗಳನ್ನು ಹುಡುಕುವಾಗ. ಕನ್ನಡ ಲಿಪಿಯಲ್ಲಿ ಟೈಪ್ ಮಾಡಿ, ಸಿಕ್ಕಿದ್ದು ಇಷ್ಟೇ ಎಂದು ಸುಮ್ಮನಾಗಿದ್ದೆ. ಸೀನಿಯರ್ ಒಬ್ಬರು ಕುರ್ಚಿ ಎಳೆದುಕೊಂಡು ಕುಳಿತು, ಅದೇ ಪದವನ್ನು ರೋಮನ್ ಲಿಪಿಯಲ್ಲಿ, ‘ಚ’ಕಾರವನ್ನು ಒಮ್ಮೆ ಎರಡಕ್ಷರದಲ್ಲಿ, ಒಮ್ಮೆ ಒಂದೇ ಅಕ್ಷರದಲ್ಲಿ ಬರೆದು ಹುಡುಕಿಸಿದರು. ಬಳಿಕ ಹಳೆಯ ಪಿಡಿಎಫ್ ಒಂದರಿಂದ ಸಾಲೊಂದನ್ನು ನಕಲಿಸಿ ಅಂಟಿಸಿದರು. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದವು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಅಕ್ಷರಸಂಕೇತ) ಅಲ್ಲದ ‘ನುಡಿ’ ಎಂಬ ಅಕ್ಷರಶೈಲಿಯಲ್ಲಿ ಸಿದ್ಧವಾದ ಪುಟಗಳಲ್ಲಿ ಕನ್ನಡ ಪದ ಹುಡುಕಿದರೆ ಸಿಗದು, ಪರಿವಿಡಿಯನ್ನು ಕಣ್ಣಿನಿಂದಲೇ ಓದಬೇಕು. ಈ ಹತ್ತು ನಿಮಿಷದ ಪಾಠವನ್ನು ನಾನು ಮತ್ತೆ ಮರೆಯಲಿಲ್ಲ, ಏಕೆಂದರೆ ಹುಡುಕಾಟ ನನ್ನದೇ ಆಗಿತ್ತು.

ಆದರೆ ಪಕ್ಕದ ಮೇಜು ತಪ್ಪನ್ನೂ ಕಲಿಸುತ್ತದೆ. ‘ಶೇ. 10ರಷ್ಟು ಕಾಪಿ ಮಾಡಬಹುದು’ ಎಂಬ ಮಾತು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹರಿದುಬರುತ್ತಲೇ ಇದೆ. ಯುಜಿಸಿಯ 2018ರ ನಿಯಮ ಹೇಳುವುದು ಬೇರೆ ಬರಹಗಳೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ ಎಂದಷ್ಟೆ. ನಕಲು ಮಾಡಲು ಅದು ಕೊಟ್ಟ ಪರವಾನಗಿಯಲ್ಲ. ಆದ್ದರಿಂದ ಕೈಕೆಲಸವನ್ನು ಸೀನಿಯರ್‌ಗಳಿಂದ ಕಲಿತರೂ ನಿಯಮಗಳ ಮೂಲಪಠ್ಯವನ್ನು ನಾವೇ ಓದಿಕೊಳ್ಳಬೇಕು.

ಹೊಸದಾಗಿ ಸೇರಿದವರು ಒಂದು ಕೆಲಸ ಮಾಡಿ ನೋಡಬಹುದು: ಪ್ರಬಂಧ ಸಲ್ಲಿಸಲಿರುವ ಸೀನಿಯರ್ ಯಾರಾದರೂ ಇದ್ದರೆ, ಅವರ ಗ್ರಂಥಸೂಚಿಯನ್ನು ತಿದ್ದಿಕೊಡುತ್ತೇನೆಂದು ಕೇಳಿ. ಬೇಡ ಎನ್ನುವವರು ಯಾರೂ ಇರಲಾರರು.