ಮಗ್ಗಿ ಬಂದರೂ ಏಳನೇ ಕ್ಲಾಸಿನ ಲೆಕ್ಕ ಯಾಕೆ ಕೈಕೊಡುತ್ತದೆ?

ಮಂಡ್ಯದಲ್ಲಿ ಲೆಕ್ಕದ ಮೇಷ್ಟ್ರಾಗಿರುವ ನನಗೆ ಪೋಷಕರ ಸಭೆಯಲ್ಲಿ ಪ್ರತಿ ಸಲ ಕೇಳಿಸುವ ಮಾತೊಂದಿದೆ. "ಸಾರ್, ಐದನೇ ಕ್ಲಾಸ್‌ವರೆಗೂ ಚೆನ್ನಾಗಿ ಮಾಡ್ತಿದ್ದ. ಈಗ ಏನಾಯ್ತೋ ಗೊತ್ತಿಲ್ಲ. ಮಗ್ಗಿ ಇನ್ನೊಂದ್ಸಲ ಬರೆಸ್ಲಾ?" ಮಗ್ಗಿ ಬೇಕೇ ಬೇಕು. ಆದರೆ ಏಳನೇ ಕ್ಲಾಸಿನಲ್ಲಿ ತಡವರಿಸುವ ಎಷ್ಟೋ ಮಕ್ಕಳು ಮಗ್ಗಿಯನ್ನು ಒಂದೇ ಉಸಿರಿಗೆ ಹೇಳುತ್ತಾರೆ. ತೊಡಕು ಇರುವುದು ಬೇರೆ ಕಡೆ.

ಚಿಕ್ಕ ಕ್ಲಾಸುಗಳಲ್ಲಿ ಲೆಕ್ಕ ಕೇಳುವುದು ಹೆಚ್ಚಾಗಿ "ಎಷ್ಟು?" ಎಂದು. ಆರರಿಂದ ಎಂಟನೇ ಕ್ಲಾಸಿನಲ್ಲಿ ಅದು "ಯಾವುದರಲ್ಲಿ ಎಷ್ಟು? ಅದರ ಎಷ್ಟು ಪಟ್ಟು?" ಎಂದು ಕೇಳತೊಡಗುತ್ತದೆ. ಭಿನ್ನರಾಶಿ, ದಶಮಾಂಶ, ಅನುಪಾತ, ಶೇಕಡಾ, ಸಮೀಕರಣ ಎಂದು ಪಾಠಗಳ ಹೆಸರು ಬೇರೆ ಬೇರೆ. ಒಳಗಿರುವುದು ಮಾತ್ರ ಒಂದೇ ವಿಚಾರ, ಎರಡು ಅಳತೆಗಳ ನಡುವಿನ ಸಂಬಂಧ.

ಮೊದಲು ಭಿನ್ನರಾಶಿ. 1/2 ಮತ್ತು 1/3 ಕೂಡಿಸು ಅಂದರೆ ಮಕ್ಕಳು 2/5 ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. "ಛೇದ ಸಮ ಮಾಡು" ಅಂತ ನೂರು ಸಲ ಹೇಳಿದರೂ ಮುಂದಿನ ವಾರ ಮತ್ತೆ ಅದೇ ತಪ್ಪು. ಅದಕ್ಕೇ ನಾನು ಮೊದಲು ಕೇಳುವುದು, "ಐದರಲ್ಲಿ ಎರಡು ಭಾಗ ಅಂದರೆ ಅರ್ಧಕ್ಕಿಂತ ಜಾಸ್ತಿನಾ, ಕಡಿಮೆನಾ?" ಕಡಿಮೆ ಅನ್ನುತ್ತಾರೆ. "ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗುತ್ತಾ?" ಆಗ ಮಗು ತಾನೇ ಬರೆದದ್ದನ್ನು ತಿರುಗಿ ನೋಡುತ್ತದೆ. ಉತ್ತರ 5/6 ಎಂದು ಗೊತ್ತಾಗುವುದಕ್ಕಿಂತ, 2/5 ಆಗಿರಲು ಸಾಧ್ಯವೇ ಇಲ್ಲ ಎಂದು ಗೊತ್ತಾಗುವುದು ದೊಡ್ಡದು.

ದಶಮಾಂಶ ಕಲಿಸಲು ನಮ್ಮೂರಿಗಿಂತ ಒಳ್ಳೆಯ ಜಾಗ ಇಲ್ಲ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟ ಪ್ರತಿ ಮನೆಯ ಮಾತು. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. "124.75 ಜಾಸ್ತಿನಾ, 124.8 ಜಾಸ್ತಿನಾ?" ಎಂದರೆ ಎಂಟಕ್ಕಿಂತ ಎಪ್ಪತ್ತೈದು ದೊಡ್ಡದಲ್ವಾ ಅಂತ ಮೊದಲನೆಯದನ್ನು ಹೇಳುವವರು ಬಹಳ. ಚುಕ್ಕಿಯ ಆಚೆಗೆ ಇನ್ನೊಂದು ಪೂರ್ಣ ಸಂಖ್ಯೆ ಇದೆ ಎಂದು ಅವರು ಓದುತ್ತಾರೆ. ಹತ್ತರಲ್ಲಿ ಎಂಟು ಅಂದರೆ ನೂರರಲ್ಲಿ ಎಂಬತ್ತು ಎಂದು ಅಳತೆ ಪಟ್ಟಿಯ ಮೇಲೆ ತೋರಿಸಿದರೆ ಸಾಕು.

ನನ್ನ ಮಟ್ಟಿಗೆ ಅನುಪಾತವೇ ಈ ಮೂರು ವರ್ಷದ ಹೃದಯ. ಗೋಡೆ ಕಟ್ಟುವಾಗ ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು ಹಾಕಿದರು ಅಂದುಕೊಳ್ಳಿ. ಎರಡು ಬಾಂಡ್ಲಿ ಸಿಮೆಂಟಿಗೆ ಎಷ್ಟು ಮರಳು? ಏಳು ಅನ್ನುವ ಮಕ್ಕಳಿದ್ದಾರೆ. ಸಿಮೆಂಟ್ ಒಂದು ಹೆಚ್ಚಾಯಿತು, ಮರಳೂ ಒಂದು ಹೆಚ್ಚಲಿ ಎಂಬ ಯೋಚನೆ. ಅದು ದಡ್ಡತನ ಅಲ್ಲ. ಇಷ್ಟು ವರ್ಷ ಕೂಡುವ ಕಣ್ಣಿನಿಂದ ನೋಡಿದ ಮಗು ಈಗ ಗುಣಿಸುವ ಕಣ್ಣಿನಿಂದ ನೋಡಬೇಕು. ಅದಕ್ಕೆ ಸಮಯ ಬೇಕು. ದಯವಿಟ್ಟು ಬೈಯಬೇಡಿ.

ಶೇಕಡಾ ಕೂಡ ಇದೇ. ಕೆಜಿಗೆ 50 ರೂಪಾಯಿ ಇದ್ದ ಬೆಲ್ಲ ಶೇ 20 ಏರಿ, ಆಮೇಲೆ ಶೇ 20 ಇಳಿದರೆ ಮತ್ತೆ 50ಕ್ಕೆ ಬರುವುದಿಲ್ಲ, 48ಕ್ಕೆ ಬರುತ್ತದೆ. ಏರಿದ್ದು 50ರ ಮೇಲೆ, ಇಳಿದದ್ದು 60ರ ಮೇಲೆ. "ಯಾವುದರ ಶೇಕಡಾ?" ಎಂದು ಕೇಳುವ ಅಭ್ಯಾಸ ಆದರೆ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಅನುಪಾತ ಎಲ್ಲಿ ನಡೆಯುವುದಿಲ್ಲ ಎಂಬುದನ್ನೂ ಇಲ್ಲೇ ಕಲಿಸಬೇಕು. ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತೇವೆ. 30×40 ಸೈಟು 1200 ಚದರ ಅಡಿ. ಉದ್ದ ಅಗಲ ಎರಡನ್ನೂ ಎರಡರಷ್ಟು ಮಾಡಿದರೆ 2400 ಆಗಲ್ಲ, 4800 ಆಗುತ್ತದೆ. ಕಟ್ಟೆಯಲ್ಲೂ ಹಾಗೇ. ಅದು ತುಂಬಿದಾಗ ಸುಮಾರು 49.45 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಇರುತ್ತದೆ. ಮಟ್ಟ 100 ಅಡಿಗೆ ಬಂದರೆ ಐದನೇ ಒಂದು ಭಾಗ ಮಾತ್ರ ಖಾಲಿ ಆಗಿದೆ ಅನಿಸುತ್ತದೆ. ಆದರೆ ಆಗಲೇ ನೀರು ಅರ್ಧಕ್ಕಿಂತ ಕಡಿಮೆ. ಕಟ್ಟೆಯ ಹಿಂದೆ ನೀರು ನಿಲ್ಲುವ ಜಾಗ ಕೆಳಗೆ ಕಿರಿದು, ಮೇಲೆ ಅಗಲ. ಈ ಪ್ರಶ್ನೆ ಹಾಕಿದ ದಿನ ಕ್ಲಾಸಿನಲ್ಲಿ ಜೋರು ವಾದ ನಡೆಯುತ್ತದೆ. ನನಗೆ ತುಂಬ ಇಷ್ಟದ ಪಾಠ ಅದು.

ಸಮೀಕರಣಕ್ಕೆ ಬರೋಣ. 8 + 4 = __ + 5. ಖಾಲಿ ಜಾಗದಲ್ಲಿ ಸುಮ್ನೆ 12 ಬರೆಯುವವರು ಬಹಳ ಜನ. ಸಮ ಚಿಹ್ನೆ ಅಂದರೆ "ಉತ್ತರ ಬರಿ" ಎಂದು ಅವರು ತಿಳಿದಿದ್ದಾರೆ. ಎರಡೂ ಕಡೆಯ ಬೆಲೆ ಒಂದೇ ಎಂದು ತಿಳಿದವರು ಮಾತ್ರ 7 ಬರೆಯುತ್ತಾರೆ. ಇದು ಗಟ್ಟಿಯಾಗದೆ "ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತೆ" ಎಂದು ಹೇಳಿಕೊಟ್ಟರೆ ಮಗುವಿಗೆ ಅದೊಂದು ಮಂತ್ರ, ಅಷ್ಟೇ. ಹಾಗೆಯೇ, ಸಮೀಕರಣದಲ್ಲಿ ಬರುವ ಅಕ್ಷರಗಳನ್ನು ಎ ಅಂದರೆ ಆ್ಯಪಲ್, ಬಿ ಅಂದರೆ ಬಾಳೆಹಣ್ಣು ಎಂದು ಕಲಿಸುವುದನ್ನು ನಾನು ಒಪ್ಪುವುದಿಲ್ಲ. ಅಕ್ಷರ ನಿಲ್ಲುವುದು ಸಂಖ್ಯೆಗೆ, ಹಣ್ಣಿಗಲ್ಲ. ಹಣ್ಣೆಂದು ತಿಳಿದ ಮಗುವಿಗೆ ಎ ಮತ್ತು ಬಿ ಗುಣಿಸು ಅಂದರೆ ಏನು ಹೊಳೆಯಬೇಕು?

ಟ್ಯೂಷನ್‌ಗೆ ಹಾಕುವ ಮೊದಲು ಇಲ್ಲಿರುವ ಪ್ರಶ್ನೆಗಳನ್ನು ಮಗುವಿಗೆ ಕೇಳಿ. ಉತ್ತರ ಸರಿ ಬಂದರೂ "ಹೇಗೆ ಗೊತ್ತಾಯ್ತು?" ಅನ್ನಿ. ಎಂಟನೇ ಕ್ಲಾಸಿನ ಸಮೀಕರಣದಲ್ಲಿ ಒದ್ದಾಡುವ ಮಗು ಎಷ್ಟೋ ಸಲ ಆರನೇ ಕ್ಲಾಸಿನ ಭಿನ್ನರಾಶಿಯಲ್ಲೇ ನಿಂತುಬಿಟ್ಟಿರುತ್ತದೆ. ಹಾಗಿದ್ದರೆ ನಾಚಿಕೆ ಬೇಡ, ಹಳೆಯ ಪುಸ್ತಕ ತೆಗೆಸಿ. ಅಲ್ಲಿಂದಲೇ ಶುರು ಮಾಡಲು ಮೇಷ್ಟ್ರಿಗೂ ಹೇಳಿ.